ಮೈಸೂರಿನ ಮನೆಯ ತಾರಸಿಗೆ ಹಸಿರು ಹೊದಿಕೆ: ಕೈಯಾರೆ ಮಾಡಿಕೊಳ್ಳುವ ಕ್ರಮ

ತಾರಸಿಯ ಮೇಲೆ ಕುಂಡಗಳನ್ನಿಟ್ಟು ಗಿಡ ಬೆಳೆಸುವುದು ಮೈಸೂರಿಗೆ ಹೊಸದಲ್ಲ. ಕುವೆಂಪುನಗರ, ಸರಸ್ವತಿಪುರಂ, ವಿಜಯನಗರ, ಯಾವ ಬಡಾವಣೆಯಲ್ಲಿ ತಲೆಯೆತ್ತಿ ನೋಡಿದರೂ ನೀರಿನ ಟ್ಯಾಂಕಿನ ಪಕ್ಕದಲ್ಲಿ ಒಂದು ದಾಸವಾಳವೋ ತುಳಸಿಯೋ ಕಾಣಿಸುತ್ತದೆ. ಇಲ್ಲಿ ಹೇಳಹೊರಟಿರುವುದು ಅದನ್ನಲ್ಲ. ತಾರಸಿಯ ಒಂದು ಭಾಗಕ್ಕೆ ನೀರು ಇಳಿಯದಂತೆ ಲೇಪ ಕೊಟ್ಟು, ಅದರ ಮೇಲೆ ಬೇರು ತಡೆಯುವ ಹಾಳೆ, ನೀರು ಹರಿಯುವ ಪದರ, ಸೋಸುವ ಬಟ್ಟೆ, ಹಗುರವಾದ ಮಣ್ಣಿನ ಮಿಶ್ರಣ ಇವಿಷ್ಟನ್ನು ಒಂದರ ಮೇಲೊಂದು ಹಾಸಿ, ನೆಲ ಹಿಡಿದು ಹಬ್ಬುವ ಗಿಡಗಳನ್ನು ಅಲ್ಲಿ ಶಾಶ್ವತವಾಗಿ ಬೆಳೆಸಿದರೆ ಅದು ಹಸಿರು ತಾರಸಿ. ಕುಂಡವನ್ನು ಬೇಡವೆಂದಾಗ ಎತ್ತಿಡಬಹುದು. ಈ ಹೊದಿಕೆಯನ್ನು ಹಾಗೆ ಎತ್ತಿಡಲು ಬರುವುದಿಲ್ಲ. ಆದ್ದರಿಂದ ಇದರ ಮುಕ್ಕಾಲು ಪಾಲು ಗಾರೆ ಕೆಲಸ, ಉಳಿದ ಕಾಲು ಪಾಲು ಮಾತ್ರ ತೋಟದ ಕೆಲಸ ಎಂದು ತಿಳಿದೇ ಹೊರಡಬೇಕು. ಮನೆಯವರೇ ಮಾಡಿಕೊಳ್ಳಬಹುದಾದದ್ದು ಬಹಳಷ್ಟಿದೆ. ತೂಕದ ಲೆಕ್ಕವೊಂದನ್ನು ಮಾತ್ರ ಬಲ್ಲವರಿಂದ ಮಾಡಿಸಬೇಕು.

ಇದರಿಂದ ಆಗುವ ಲಾಭವನ್ನೂ ಅತಿಯಾಗಿ ಹೇಳಬಾರದು. ಏಪ್ರಿಲ್ ತಿಂಗಳ ಮಧ್ಯಾಹ್ನ ಬರಿಯ ಕಾಂಕ್ರೀಟ್ ತಾರಸಿಯ ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಕಾವು ಸಂಜೆಯ ಹೊತ್ತಿಗೆ ಕೆಳಗಿನ ಕೋಣೆಗೆ ಇಳಿಯುತ್ತದೆ. ಮಣ್ಣು ಮತ್ತು ಎಲೆಯ ಹೊದಿಕೆ ಈ ಕಾವನ್ನು ತಡೆಯುತ್ತದೆ, ಮಳೆಯ ಮೊದಲ ಪಾಲನ್ನು ಹೀರಿ ಉಳಿದದ್ದನ್ನು ನಿಧಾನವಾಗಿ ಬಿಡುತ್ತದೆ, ಬಿಸಿಲಿನ ನೇರ ಹೊಡೆತದಿಂದ ನೀರುತಡೆ ಲೇಪವನ್ನು ಕಾಪಾಡುತ್ತದೆ. ಆದರೆ ಮನೆ ತಂಪಾಗಬೇಕು ಎಂಬುದೊಂದೇ ಉದ್ದೇಶವಾದರೆ, ಬೇಸಿಗೆಗೆ ಮುನ್ನ ತಾರಸಿಗೆ ಸುಣ್ಣ ಬಳಿಯುವುದು ಎಷ್ಟೋ ಅಗ್ಗದ ದಾರಿ. ತಂಪಿನ ಜೊತೆಗೆ ಹಸಿರೂ ಬೇಕು, ಅದನ್ನು ವರ್ಷವಿಡೀ ನೋಡಿಕೊಳ್ಳುವ ವ್ಯವಧಾನವೂ ಇದೆ ಎನ್ನುವವರು ಮಾತ್ರ ಮುಂದಿನದನ್ನು ಓದಬೇಕು.

ಯಾವ ತಾರಸಿ ಆದೀತು

ಕಬ್ಬಿಣದ ಕಂಬಿ ಕಟ್ಟಿ ಮೋಲ್ಡ್ ಹಾಕಿದ ಆರ್‌ಸಿಸಿ ಚಾವಣಿಯನ್ನು ಮಾತ್ರ ಈ ಕೆಲಸಕ್ಕೆ ಪರಿಗಣಿಸಬಹುದು. ಅಗ್ರಹಾರ, ಕೃಷ್ಣಮೂರ್ತಿಪುರಂ, ಚಾಮುಂಡಿಪುರಂ ಮೊದಲಾದ ಹಳೆಯ ಭಾಗಗಳ ಎಷ್ಟೋ ಮನೆಗಳಲ್ಲಿ ಈಗಲೂ ಮದ್ರಾಸ್ ತಾರಸಿ ಇದೆ. ಅಂದರೆ ಮರದ ಜಂತೆಗಳ ಮೇಲೆ ಚಿಕ್ಕ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ನಿಲ್ಲಿಸಿ ಕಟ್ಟಿದ ಚಾವಣಿ. ಅದರ ಮೇಲೆ ಸದಾ ಒದ್ದೆಯಾಗಿರುವ ಹೊದಿಕೆ ಹಾಸಿದರೆ ಜಂತೆಯ ತುದಿ ಗೋಡೆಯೊಳಗೆ ಕೊಳೆಯುವುದು ಹೊರಗಿನಿಂದ ಕಾಣುವುದೇ ಇಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವೂ 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಮಳೆಗಾಲದಲ್ಲಿ ಕುಸಿದದ್ದನ್ನು ಕಂಡ ಊರಿನವರಿಗೆ ಹಳೆಯ ಕಟ್ಟಡದ ಮೇಲೆ ಹೊಸ ಭಾರ ಹೇರಬೇಡಿ ಎಂದು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲು ಚಪ್ಪಡಿ ಹಾಸಿದ ಚಾವಣಿ, ಮಂಗಳೂರು ಹೆಂಚು, ಶೀಟಿನ ಮಾಡು ಇವೂ ಆಗವು. ಕಲ್ಲು ಚಪ್ಪಡಿ ನೋಡಲು ಗಟ್ಟಿ. ಆದರೆ ಅದು ಬಾಗಿ ಸೂಚನೆ ಕೊಡುವುದಿಲ್ಲ, ಒಮ್ಮೆಗೇ ಮುರಿಯುತ್ತದೆ.

ಆರ್‌ಸಿಸಿ ಆದರೂ ಕೆಳಗಿನಿಂದ ಚಾವಣಿಯನ್ನು ಚೆನ್ನಾಗಿ ನೋಡಬೇಕು. ಗಿಲಾವು ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ, ಕಂದು ಬಣ್ಣದ ಗೆರೆಗಳು ಮೂಡಿದ್ದರೆ, ತಟ್ಟಿದಾಗ ಟೊಳ್ಳು ಸದ್ದು ಬರುತ್ತಿದ್ದರೆ ಮೊದಲು ರಿಪೇರಿ, ಹಸಿರಿನ ಮಾತು ಆಮೇಲೆ. ಬಾಲ್ಕನಿ, ಸಜ್ಜೆ, ಮುಂದಕ್ಕೆ ಚಾಚಿಕೊಂಡ ಪೋರ್ಟಿಕೊ ಇವುಗಳ ಮೇಲೆ ಯಾವ ಕಾರಣಕ್ಕೂ ಮಣ್ಣು ಹಾಸಬಾರದು. ಒಂದೇ ಕಡೆ ಆಧಾರವಿರುವ ಇಂಥ ಚಾಚುಗಳಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲಿ ಇರಬೇಕು. ಕಾಂಕ್ರೀಟ್ ಸುರಿಯುವಾಗ ಕೂಲಿಯವರ ಕಾಲ್ತುಳಿತಕ್ಕೆ ಅದು ಕೆಳಕ್ಕೆ ಹೋಗಿರುವುದು ಅಪರೂಪವಲ್ಲ, ಹೋಗಿದೆಯೇ ಎಂಬುದು ಕಣ್ಣಿಗೆ ಕಾಣುವುದೂ ಇಲ್ಲ.

ತೂಕದ ಲೆಕ್ಕ

ಭಾರತೀಯ ಮಾನಕವಾದ ಐಎಸ್ 875ರ ಎರಡನೆಯ ಭಾಗದ ಪ್ರಕಾರ, ಜನ ಓಡಾಡುವ ಸಮತಟ್ಟು ತಾರಸಿಯನ್ನು ಚದರ ಮೀಟರಿಗೆ 1.5 ಕಿಲೊನ್ಯೂಟನ್, ಎಂದರೆ ಸುಮಾರು 150 ಕಿಲೊ ಹೆಚ್ಚುವರಿ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಮೆಟ್ಟಿಲಿಲ್ಲದ ತಾರಸಿಗೆ ಅದರ ಅರ್ಧ ಮಾತ್ರ. ಈ 150 ಕಿಲೊದೊಳಗೆ ಜನರ ಭಾರವೂ ಸೇರಿದೆ. ಜೊತೆಗೆ ಆ ಅಂಕಿ ಬಂದು ಹೋಗುವ ಭಾರಕ್ಕೆ ಸಂಬಂಧಿಸಿದ್ದು. ಹಗಲು ರಾತ್ರಿ ಕುಳಿತೇ ಇರುವ ಮಣ್ಣಿನ ಭಾರಕ್ಕೆ ಕಾಂಕ್ರೀಟ್ ವರ್ಷಗಳಲ್ಲಿ ನಿಧಾನವಾಗಿ ಬಾಗುತ್ತದೆ. ಕಟ್ಟುವಾಗ ಸುರಕ್ಷತೆಗೆಂದು ಸೇರಿಸಿದ ಅಂಶವನ್ನು ನಾವು ಬಳಸಿಕೊಳ್ಳಬಹುದಾದ ಉಳಿತಾಯವೆಂದು ಎಣಿಸುವುದು ತಪ್ಪು. ಮನೆಯ ನಕ್ಷೆ, ಕಂಬಿಯ ವಿವರ ಸಿಕ್ಕಿದರೆ ಅವನ್ನು, ಇಲ್ಲದಿದ್ದರೆ ಮನೆಯನ್ನೇ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ, ನೆನೆದ ಸ್ಥಿತಿಯಲ್ಲಿ ಚದರ ಮೀಟರಿಗೆ ಇಂತಿಷ್ಟು ಕಿಲೊ ಹಾಕುತ್ತೇನೆ, ಆಗಬಹುದೇ ಎಂದು ಬರಹದಲ್ಲೇ ಕೇಳಬೇಕು. ಮೇಸ್ತ್ರಿಯ ಅನುಭವ ಬೇರೆ ನೂರು ವಿಷಯಕ್ಕೆ ಬೇಕಾಗುತ್ತದೆ. ಈ ಒಂದು ಪ್ರಶ್ನೆಗೆ ಅವರ ಉತ್ತರ ಸಾಲದು.

ಇಂತಿಷ್ಟು ಎಂಬುದನ್ನು ಮನೆಯಲ್ಲೇ ತಿಳಿಯಲು ಒಂದು ಸುಲಭ ಉಪಾಯವಿದೆ. ಒಂದು ಚದರ ಮೀಟರ್ ಜಾಗದಲ್ಲಿ 1 ಸೆಂ.ಮೀ. ದಪ್ಪ ಮಣ್ಣು ಹಾಸಿದರೆ ಅದು ಸರಿಯಾಗಿ 10 ಲೀಟರ್ ಆಗುತ್ತದೆ. ಹಾಗಾಗಿ 10 ಲೀಟರ್ ಬಕೆಟ್ಟಿನ ತಳಕ್ಕೆ ತೂತು ಮಾಡಿ, ಮಿಶ್ರಣವನ್ನು ಸ್ವಲ್ಪ ಅದುಮಿ ತುಂಬಿ, ನೀರಿನಲ್ಲಿ ಪೂರ್ತಿ ನೆನೆಸಿ, ಒಂದು ಗಂಟೆ ಬಸಿಯಲು ಬಿಟ್ಟು ತೂಗಿ. ಬಕೆಟ್ಟಿನ ತೂಕ ಕಳೆದು ಬರುವ ಕಿಲೊಗಳೇ ಒಂದು ಸೆಂಟಿಮೀಟರ್ ದಪ್ಪಕ್ಕೆ ಚದರ ಮೀಟರಿನ ಭಾರ. ತೋಟದ ಮಾಮೂಲಿ ಕೆಮ್ಮಣ್ಣನ್ನೇ ತುಂಬಿ ತೂಗಿದರೆ 16ರಿಂದ 20 ಕಿಲೊ ಬರುತ್ತದೆ; ಮುಂದೆ ಹೇಳುವ ಹಗುರ ಮಿಶ್ರಣ 12 ಕಿಲೊದ ಆಸುಪಾಸಿನಲ್ಲಿ ಇರಬೇಕು. 8 ಸೆಂ.ಮೀ. ದಪ್ಪಕ್ಕೆ ಅದು 96 ಕಿಲೊ ಆಯಿತು. ಹಾಳೆ, ಬಟ್ಟೆ, ಗಿಡ, ಪದರದಲ್ಲಿ ನಿಂತ ನೀರು ಎಲ್ಲ ಸೇರಿಸಿ ಇನ್ನೊಂದು 15 ಕಿಲೊ ಹಿಡಿದರೆ ಚದರ ಮೀಟರಿಗೆ 110 ಕಿಲೊ ಮೀರುತ್ತದೆ. ಹತ್ತಡಿ ಹತ್ತಡಿಯ ಒಂದು ಪಟ್ಟಿ ಎಂದರೆ 9.3 ಚದರ ಮೀಟರ್, ಅಲ್ಲಿಗೆ ಒಂದು ಟನ್ನಿನಷ್ಟು ಭಾರ. ತಲೆಯ ಮೇಲೆ ಒಂದು ಸಣ್ಣ ಕಾರನ್ನು ಶಾಶ್ವತವಾಗಿ ನಿಲ್ಲಿಸಿಕೊಂಡ ಹಾಗೆ. ಉಳಿದ 40 ಕಿಲೊದಲ್ಲಿ ಕಳೆ ಕೀಳಲು ಒಬ್ಬಿಬ್ಬರು ಹೋಗಿಬರಬಹುದೇ ಹೊರತು, ಆ ಪಟ್ಟಿಯ ಮೇಲೆ ಹುಟ್ಟುಹಬ್ಬದ ಕುರ್ಚಿಗಳನ್ನು ಹಾಕುವಂತಿಲ್ಲ. ತಾರಸಿಯ ಮೇಲೆ ಈಗಾಗಲೇ ದಪ್ಪ ಇಟ್ಟಿಗೆ ಜಲ್ಲಿಯ ಹಾಸು ಇದ್ದರೆ ಅದನ್ನು ಇಂಜಿನಿಯರ್‌ಗೆ ಮರೆಯದೆ ತಿಳಿಸಬೇಕು. ಅದೇ ಚದರ ಮೀಟರಿಗೆ 150 ಕಿಲೊ ದಾಟಿರಬಹುದು.

ಇಷ್ಟು ಭಾರ ಆಗದು ಎಂದು ಉತ್ತರ ಬಂದರೆ ಬೇಸರಪಡಬೇಕಿಲ್ಲ. ಗೋಡೆ ಮತ್ತು ಬೀಮುಗಳ ನೇರಕ್ಕೆ ಮಾತ್ರ ತಟ್ಟೆಗಳಲ್ಲಿ ಅಥವಾ ಟೊಮೆಟೊ ಕ್ರೇಟುಗಳಲ್ಲಿ ಬಟ್ಟೆ ಹಾಸಿ ಮಿಶ್ರಣ ತುಂಬಿ ಸಾಲಾಗಿ ಇಡುವುದು ಒಳ್ಳೆಯ ಬದಲಿ ದಾರಿ. ಹಳೆಯ ಮನೆಗಳಿಗೆ ನಾನಂತೂ ಇದನ್ನೇ ಹೇಳುತ್ತೇನೆ: ಸೋರಿಕೆ ಕಂಡರೆ ಎತ್ತಿ ನೋಡಬಹುದು.

ವಾಟ, ಲೇಪ, ನೀರು ನಿಲ್ಲಿಸಿ ನೋಡುವುದು

ಕೆಲಸಕ್ಕೆ ಕಾಲ ಮುಖ್ಯ. ಮೈಸೂರಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮಳೆ ಬರುವುದು ಅಪರೂಪ. ಗಾರೆ, ಲೇಪ, ನೀರು ನಿಲ್ಲಿಸುವ ಪರೀಕ್ಷೆ ಎಲ್ಲವೂ ಈ ಮೂರು ತಿಂಗಳಲ್ಲಿ ಮುಗಿಯಬೇಕು. ಏಪ್ರಿಲ್ ಕೊನೆಯಿಂದ ಭರಣಿ, ಕೃತ್ತಿಕೆ ಮಳೆಗಳು ಗುಡುಗು ಗಾಳಿಯೊಂದಿಗೆ ಬೀಳುತ್ತವೆ. ಅವು ಹೊಸ ಲೇಪಕ್ಕೆ ಒಳ್ಳೆಯ ಪರೀಕ್ಷೆ, ಆದರೆ ಅರ್ಧ ಮಾಡಿದ ಕೆಲಸಕ್ಕೆ ಶತ್ರು. ಗಿಡ ನೆಡುವುದು ಜೂನ್‌ನಲ್ಲಿ, ಮೃಗಶಿರ, ಆರಿದ್ರಾ ಮಳೆಗಳ ಹೊತ್ತಿಗೆ. ನಮ್ಮಲ್ಲಿ ಜೂನ್, ಜುಲೈ ಮಳೆ ಮಲೆನಾಡಿನಂತೆ ಸುರಿಯುವುದಿಲ್ಲ. ಮೋಡ ಕವಿದ ತಂಪು ಹವೆ, ಆಗಾಗ ಹನಿ. ಕಡ್ಡಿ ಚಿಗುರಲು ಇದಕ್ಕಿಂತ ಒಳ್ಳೆಯ ಹವೆ ಸಿಗದು.

ಮೊದಲು ವಾಟ ನೋಡಬೇಕು. ತಾರಸಿಯ ಎತ್ತರದ ಕಡೆಯಿಂದ ನಾಲ್ಕಾರು ಬಕೆಟ್ ನೀರು ಸುರಿದು, ಅರ್ಧ ಗಂಟೆಯ ನಂತರ ಎಲ್ಲಿ ನೀರು ನಿಂತಿದೆಯೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿ. ಹತ್ತು ಅಡಿಗೆ ಒಂದೂಕಾಲರಿಂದ ಒಂದೂವರೆ ಇಂಚು ಇಳಿಜಾರು ಇದ್ದರೆ ಸಾಕು. ಅಷ್ಟು ಇಲ್ಲದ ಕಡೆ ಗಾರೆಯಲ್ಲಿ ಸರಿಪಡಿಸಬೇಕು. ವಾಟ ಸರಿಪಡಿಸುವ ನೆಪದಲ್ಲಿ ಎರಡಿಂಚು ಸಿಮೆಂಟು ಸುರಿದರೆ ಅದೇ ಚದರ ಮೀಟರಿಗೆ ನೂರು ಕಿಲೊ ಆಗಿ, ಮಣ್ಣಿಗೆ ಮೀಸಲಿಟ್ಟ ಭಾರವೆಲ್ಲ ಅಲ್ಲೇ ಮುಗಿಯುತ್ತದೆ ಎಂಬ ಎಚ್ಚರವಿರಲಿ.

ನೀರು ಹೊರಹೋಗುವ ದಾರಿಯ ಲೆಕ್ಕವೂ ಹೀಗೆಯೇ. ಗಂಟೆಗೆ 100 ಮಿ.ಮೀ. ವೇಗದಲ್ಲಿ ಮಳೆ ಸುರಿಯುವಾಗ ನಾಲ್ಕು ಇಂಚಿನ ಒಂದು ಪೈಪು ಸುಮಾರು 40 ಚದರ ಮೀಟರ್ ತಾರಸಿಯ ನೀರನ್ನು ಸಾಗಿಸಬಲ್ಲದು. ಮೂರು ಇಂಚಿನದಾದರೆ ಅದರ ಅರ್ಧ. ಮೈಸೂರಿನಲ್ಲಿ ವರ್ಷದ ಒಟ್ಟು ಮಳೆ 800 ಮಿ.ಮೀ.ನ ಆಸುಪಾಸು, ಮಂಡ್ಯದಲ್ಲಿ ಇನ್ನೂ ಕಡಿಮೆ. ಆದರೆ ಮೇ ತಿಂಗಳಲ್ಲೂ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲೂ ಅದರ ದೊಡ್ಡ ಪಾಲು ಕೆಲವೇ ಸಂಜೆಗಳಲ್ಲಿ ಸುರಿದುಬಿಡುತ್ತದೆ. ಎಷ್ಟೇ ಚಿಕ್ಕ ತಾರಸಿಯಾದರೂ ಎರಡು ಪೈಪು ಇರಲಿ. ಒಂದು ಕಟ್ಟಿಕೊಂಡರೆ ಇನ್ನೊಂದಿರುತ್ತದೆ. ಎರಡೂ ಕಟ್ಟಿಕೊಂಡ ದಿನಕ್ಕೆಂದು, ಪ್ಯಾರಪೆಟ್ಟಿನಲ್ಲಿ ಮಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಒಂದು ತೂಬು ಬಿಡಿಸಿ; ಅದರಿಂದ ನೀರು ಬೀದಿಗೆ ಬಿದ್ದದ್ದು ಕಂಡರೆ ಒಳಗೆ ಏನೋ ಕಟ್ಟಿದೆ ಎಂದು ತಿಳಿಯುತ್ತದೆ.

ಲೇಪ ಕೊಡುವ ಮುನ್ನ ತಾರಸಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಸಡಿಲವಾದ ಗಿಲಾವನ್ನು ಕೆತ್ತಿ, ಬಿರುಕುಗಳನ್ನು ಅಗಲಿಸಿ ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಬೇಕು. ಪ್ಯಾರಪೆಟ್ಟು ಮತ್ತು ನೆಲ ಸೇರುವ ಮೂಲೆಯಲ್ಲಿ ಲಂಬಕೋನ ಬಿಡದೆ, ಎರಡಿಂಚು ಗೋಲವಾಗಿ ಗಾರೆ ಕೊಡಬೇಕು. ಸೋರಿಕೆ ಶುರುವಾಗುವುದು ಹೆಚ್ಚಾಗಿ ಈ ಮೂಲೆಯಲ್ಲಿ ಮತ್ತು ಪೈಪಿನ ಬಾಯಿಯಲ್ಲಿ. ಎರಡು ಭಾಗ ಬೆರೆಸಿ ಬಳಿಯುವ ಅಕ್ರಿಲಿಕ್ ಸಿಮೆಂಟ್ ಲೇಪವನ್ನು ಮನೆಯವರೇ ಬ್ರಷ್ಷಿನಲ್ಲಿ ಹಚ್ಚಬಹುದು: ಮೊದಲ ಕೋಟು, ಅದು ಹಸಿಯಿರುವಾಗಲೇ ಫೈಬರ್ ಬಲೆ, ಅದರ ಮೇಲೆ ಅಡ್ಡಲಾಗಿ ಎರಡನೆಯ ಕೋಟು, ಒಣಗಿದ ಮೇಲೆ ಮೂರನೆಯದು. ಬೆಂಕಿಯಿಂದ ಕಾಯಿಸಿ ಅಂಟಿಸುವ ಡಾಂಬರಿನ ಹಾಳೆ ಇನ್ನೂ ಗಟ್ಟಿ, ಆದರೆ ಅದು ಕಲಿತವರ ಕೈಕೆಲಸ. ಯಾವುದಾದರೂ ಸರಿ, ಲೇಪವು ಗೋಡೆಯ ಮೇಲೆ ಮಣ್ಣಿನ ಅಂತಿಮ ಮಟ್ಟದಿಂದಲೂ 15 ಸೆಂ.ಮೀ. ಮೇಲಕ್ಕೆ ಏರಿರಬೇಕು. ಹೊಸ ಚಾವಣಿಯಾದರೆ ಕಾಂಕ್ರೀಟ್ ಹಾಕಿ 28 ದಿನ ಕಳೆಯುವವರೆಗೆ ಇದಕ್ಕೆ ಕೈಹಾಕಬಾರದು.

ಲೇಪ ಪೂರ್ತಿ ಒಣಗಿದ ಮೇಲೆ ಪೈಪುಗಳ ಬಾಯಿ ಕಟ್ಟಿ, 5 ಸೆಂ.ಮೀ. ನೀರು ನಿಲ್ಲಿಸಿ, ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಬೇಕು. 48 ಗಂಟೆಗಳ ನಂತರ ನೋಡಿದಾಗ ಮಟ್ಟ ಒಂದು ಸೆಂಟಿಮೀಟರಿನಷ್ಟು ಇಳಿದಿದ್ದರೆ ಗಾಬರಿ ಬೇಡ, ಮಾರ್ಚ್ ಬಿಸಿಲಿಗೆ ದಿನಕ್ಕೆ ಐದಾರು ಮಿಲಿಮೀಟರ್ ಆವಿಯಾಗುವುದು ಸಹಜ. ಅದಕ್ಕಿಂತ ಹೆಚ್ಚು ಇಳಿದಿದ್ದರೆ, ಅಥವಾ ಕೆಳಗಿನ ಚಾವಣಿಯಲ್ಲಿ ತೇವದ ಕಲೆ ಕಂಡರೆ, ಜಾಗ ಹುಡುಕಿ ಮತ್ತೆ ಬಳಿದು ಮತ್ತೆ ನಿಲ್ಲಿಸಬೇಕು. ನೀರು ಬಿಟ್ಟ ಮೇಲೂ ಒಂದು ವಾರ ಚಾವಣಿಯ ಮೇಲೆ ಕಣ್ಣಿರಲಿ. ಕಾಂಕ್ರೀಟಿನೊಳಗೆ ನೀರು ಅಡ್ಡಕ್ಕೆ ಹರಿದು ತಡವಾಗಿ ಇಳಿಯುವುದುಂಟು. ಈ ಪರೀಕ್ಷೆಯಲ್ಲಿ ಗೆಲ್ಲದ ತಾರಸಿಗೆ ಒಂದು ಬುಟ್ಟಿ ಮಣ್ಣನ್ನೂ ಹೊರಬಾರದು. ಮಣ್ಣು ಹಾಸಿದ ಮೇಲೆ ಸೋರುವ ಜಾಗ ಹುಡುಕುವುದೆಂದರೆ ಆ ಒಂದು ಟನ್ನನ್ನು ಮತ್ತೆ ಕೆಳಗಿಳಿಸುವ ಕೆಲಸ.

ಪದರಗಳು

ಡಾಂಬರಿನ ಹಾಳೆಯನ್ನಾಗಲಿ ಸಿಮೆಂಟ್ ಲೇಪವನ್ನಾಗಲಿ ಬೇರು ಕಾಲಕ್ರಮದಲ್ಲಿ ಭೇದಿಸುತ್ತದೆ. ಅದಕ್ಕಾಗಿ ಬೇರು ತಡೆಯುವ ಹಾಳೆ ಪ್ರತ್ಯೇಕವಾಗಿ ಬೇಕು. ಮೈಸೂರು, ಮಂಡ್ಯ ಸುತ್ತಮುತ್ತ ರೈತರು ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ದಪ್ಪದ ಪಾಲಿಥಿನ್ ಹಾಳೆ ಇದಕ್ಕೆ ಚೆನ್ನಾಗಿ ಒದಗುತ್ತದೆ, ಕೃಷಿ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ. ಸಾಧ್ಯವಾದರೆ ಜೋಡಣೆಯೇ ಇಲ್ಲದ ಒಂದೇ ತುಂಡು ತನ್ನಿ. ಜೋಡಿಸಲೇಬೇಕಾದರೆ ಒಂದಡಿ ಒಂದರ ಮೇಲೊಂದು ಬರುವಂತೆ, ವಾಟದ ಮೇಲ್ಭಾಗದ ಹಾಳೆ ಕೆಳಭಾಗದ ಹಾಳೆಯ ಮೇಲೆ ಕೂರುವಂತೆ ಹಾಸಬೇಕು. ಲೇಪದ ಮೇಲೆ ಮರಳಿನ ಒಂದು ಹರಳು ಉಳಿದರೂ ಭಾರ ಬಿದ್ದಾಗ ಅದು ಹಾಳೆಯನ್ನು ಚುಚ್ಚುತ್ತದೆ. ಗುಡಿಸಿ, ಒರೆಸಿ, ಬರಿಗಾಲಿನಲ್ಲಿ ನಡೆದು ಹಾಸಿ.

ಹಾಳೆಯ ಮೇಲೆ ನೀರು ಹರಿಯುವ ಪದರ. ಹಿಂದೆ ಇದಕ್ಕೆ ಇಟ್ಟಿಗೆ ಜಲ್ಲಿ ಹಾಕುತ್ತಿದ್ದರು; ನಾಲ್ಕೈದು ಸೆಂಟಿಮೀಟರ್ ಜಲ್ಲಿಯೇ ಚದರ ಮೀಟರಿಗೆ 50 ಕಿಲೊ ತಿಂದುಹಾಕುತ್ತದೆ. ಡ್ರೈನ್ ಸೆಲ್ ಎಂದು ಮಾರುವ ಪ್ಲಾಸ್ಟಿಕ್ ಜಾಲರಿ ಹಲಗೆಗಳು 20ರಿಂದ 30 ಮಿ.ಮೀ. ಎತ್ತರವಿದ್ದು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ತೂಕ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಹಣ ಉಳಿಸಬೇಕಾದರೆ ಬೇರೆ ಎಲ್ಲಿಯಾದರೂ ಉಳಿಸಿ, ಇಲ್ಲಿ ಬೇಡ. ಇದರ ಮೇಲೆ 150ರಿಂದ 200 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ) ತೂಕದ, ನೇಯದ ಜಿಯೋಟೆಕ್ಸ್‌ಟೈಲ್ ಎಂಬ ಸೋಸುವ ಬಟ್ಟೆಯನ್ನು ಹಾಸಿ, ಅಂಚುಗಳಲ್ಲಿ ಮಣ್ಣಿನ ಎತ್ತರದವರೆಗೂ ಮಡಚಿ ನಿಲ್ಲಿಸಬೇಕು. ಗೋಣಿಚೀಲ, ಹಳೆಯ ಹತ್ತಿ ಸೀರೆ ಹಾಕಿದರೆ ಒಂದೇ ಮಳೆಗಾಲಕ್ಕೆ ಕೊಳೆತು, ಮಣ್ಣೆಲ್ಲ ಜಾಲರಿಯೊಳಗೆ ಇಳಿದು ನೀರಿನ ದಾರಿ ಮುಚ್ಚುತ್ತದೆ. ನೆರಳಿನ ಬಲೆಯ ಕಣ್ಣು ತೀರ ದೊಡ್ಡದು, ಅದೂ ಆಗದು.

ಪೈಪಿನ ಬಾಯಿಯನ್ನು ಮಣ್ಣಿನಲ್ಲಿ ಹುಗಿಯಬಾರದು. ಎಂಟಿಂಚು ಅಗಲದ ಪಿವಿಸಿ ಪೈಪಿನ ಒಂದು ಗೇಣು ತುಂಡಿಗೆ ಸುತ್ತಲೂ ತೂತು ಕೊರೆದು ಬಾಯಿಯ ಮೇಲೆ ನಿಲ್ಲಿಸಿ, ಸುತ್ತ ಒಂದಡಿ ಜಲ್ಲಿ ಸುರಿದು, ಮೇಲೆ ತೆಗೆದು ಹಾಕಬಹುದಾದ ಮುಚ್ಚಳ ಇಟ್ಟರೆ ಯಾವಾಗ ಬೇಕಾದರೂ ಕೈಹಾಕಿ ಎಲೆ ಕಸ ತೆಗೆಯಬಹುದು. ಪ್ಯಾರಪೆಟ್ಟಿನ ಉದ್ದಕ್ಕೂ ಒಂದಡಿ ಅಗಲ ಗಿಡವಿಲ್ಲದೆ ಬಿಟ್ಟು ಅಲ್ಲಿ ಜಲ್ಲಿ ಹಾಸುವುದೂ ಒಳ್ಳೆಯದು. ಗೋಡೆಗೆ ತೇವ ತಾಗುವುದಿಲ್ಲ, ನಡೆದಾಡಲು ದಾರಿಯಾಗುತ್ತದೆ, ಮೂಲೆಯ ಲೇಪ ಕಣ್ಣಿಗೆ ಕಾಣುತ್ತಿರುತ್ತದೆ. ಆ ಜಲ್ಲಿಯ ತೂಕವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ, ಮಣ್ಣು ಹಾಸಿದ ಮೇಲೂ ಪ್ಯಾರಪೆಟ್ಟಿನ ಎತ್ತರ ಒಂದು ಮೀಟರ್ ಉಳಿಯುತ್ತದೆಯೇ ಎಂದು ಅಳೆದು ನೋಡಬೇಕು.

ಮಿಶ್ರಣ

ಹೊಲದ ಮಣ್ಣನ್ನೇ ತಂದು ಸುರಿದರೆ ಭಾರ ಒಂದು ತೊಂದರೆ, ಎರಡು ಮಳೆಗೆ ಗಟ್ಟಿಯಾಗಿ ಹೆಪ್ಪುಗಟ್ಟುವುದು ಇನ್ನೊಂದು. ಗಾತ್ರದ ಲೆಕ್ಕದಲ್ಲಿ ನಾಲ್ಕು ಪಾಲು ಇಟ್ಟಿಗೆ ಚೂರು, ಮೂರು ಪಾಲು ತೆಂಗಿನ ನಾರಿನ ಪುಡಿ, ಸುಟ್ಟ ಭತ್ತದ ಹೊಟ್ಟು, ಜರಡಿ ಹಿಡಿದ ಕೆಮ್ಮಣ್ಣು, ಎರೆಗೊಬ್ಬರ ಇವು ಒಂದೊಂದು ಪಾಲು ಬೆರೆಸಿದರೆ ಈ ಹವೆಗೆ ಒಪ್ಪುವ ಮಿಶ್ರಣವಾಗುತ್ತದೆ. ಎಲ್ಲವೂ ಸುತ್ತಲಿನ ಹತ್ತಿಪ್ಪತ್ತು ಮೈಲಿಯಲ್ಲಿ ಸಿಗುವಂಥವು. ಇಟ್ಟಿಗೆ ಗೂಡಿನಲ್ಲಿ ಒಡೆದು ಬಿದ್ದ ಇಟ್ಟಿಗೆಯನ್ನು ಕುಟ್ಟಿ, ಮರಳು ಜರಡಿಯಲ್ಲಿ ಧೂಳು ತೆಗೆದು, ಕಡಲೆಕಾಳಿಗಿಂತ ದೊಡ್ಡದನ್ನು ಬೇರ್ಪಡಿಸಬೇಕು. ಕೆಡವಿದ ಮನೆಯ ಇಟ್ಟಿಗೆಗೆ ಸಿಮೆಂಟು ಅಂಟಿರುತ್ತದೆ, ಅದರ ಕ್ಷಾರ ಬೇರಿಗೆ ಹಿಡಿಸದು. ತೆಂಗಿನ ನಾರಿನ ಪುಡಿ 5 ಕಿಲೊ ಇಟ್ಟಿಗೆಗಳಾಗಿ ಸಿಗುತ್ತದೆ. ಒಂದನ್ನು ನೆನೆಸಿದರೆ 70 ಲೀಟರಿನಷ್ಟು ಉಬ್ಬುತ್ತದೆ. ಒಮ್ಮೆ ನೆನೆಸಿದ ನೀರನ್ನು ಚೆಲ್ಲಿ ಮತ್ತೆ ನೆನೆಸಿ, ಅದರಲ್ಲಿನ ಉಪ್ಪು ಹೋಗಲಿ. ಹೊಟ್ಟು ಮಂಡ್ಯ ಸೀಮೆಯ ಅಕ್ಕಿ ಗಿರಣಿಗಳಲ್ಲಿ ಧಾರಾಳ. ಅದು ಕರಿಯಾಗಿ ಸುಟ್ಟಿರಬೇಕು, ಬಿಳಿ ಬೂದಿಯಾಗಿರಬಾರದು.

ಗೊಬ್ಬರ ಹೆಚ್ಚಿದರೆ ಗಿಡ ಹೆಚ್ಚು ಬೆಳೆಯುತ್ತದೆ ಎಂಬ ನಂಬಿಕೆ ಇಲ್ಲಿ ಕೆಡುಕು ಮಾಡುತ್ತದೆ. ಹೆಚ್ಚಿನ ಗೊಬ್ಬರ ಕರಗಿ ಕುಗ್ಗಿ ಮಣ್ಣಿನ ಮಟ್ಟ ಇಳಿಸುತ್ತದೆ, ಬಟ್ಟೆಯ ಕಣ್ಣು ಮುಚ್ಚುತ್ತದೆ, ಗಿಡವನ್ನು ಕೊಬ್ಬಿಸಿ ಬೇಸಿಗೆಯಲ್ಲಿ ಸೊರಗಿಸುತ್ತದೆ. ಹತ್ತಡಿ ಹತ್ತಡಿಯ ಪಟ್ಟಿಗೆ 8 ಸೆಂ.ಮೀ. ದಪ್ಪಕ್ಕೆ ಸುಮಾರು 750 ಲೀಟರ್ ಮಿಶ್ರಣ ಬೇಕು. ಬೆರೆಸುವಾಗ ಸಣ್ಣದು ದೊಡ್ಡದರ ಸಂದಿಗೆ ಇಳಿಯುವುದರಿಂದ ಸಾಮಗ್ರಿಯನ್ನು ಹತ್ತು ಪಾಲಿಗೆ ಒಂದು ಪಾಲು ಹೆಚ್ಚಾಗಿಯೇ ತಂದುಕೊಳ್ಳಿ.

ಮೇಲಕ್ಕೆ ಸಾಗಿಸುವಾಗ ಒಂದು ಎಚ್ಚರ. ಚೀಲಗಳನ್ನೆಲ್ಲ ತಾರಸಿಯ ನಡುವೆ ಒಂದೇ ರಾಶಿಯಾಗಿ ಪೇರಿಸಿದರೆ, ಹರಡಿದಾಗ ತಡೆಯುತ್ತಿದ್ದ ಚಾವಣಿಗೂ ಆ ಒಂದು ದಿನದ ರಾಶಿ ಅಪಾಯ. ಗೋಡೆಗಳ ನೇರಕ್ಕೆ ಒಂದೊಂದೇ ಚೀಲ ಇಡುತ್ತಾ, ತಂದದ್ದನ್ನು ಕೂಡಲೇ ಹರಡುತ್ತಾ ಹೋಗಬೇಕು. ಹರಡಿದ ಮೇಲೆ ಒಮ್ಮೆ ನೀರು ಹನಿಸಿ ಕೂರಿಸಿ, ಮೇಲ್ಮೈಗೆ ಒಂದು ಸೆಂಟಿಮೀಟರ್ ಇಟ್ಟಿಗೆ ಚೂರು ಉದುರಿಸಿದರೆ ಮೇ ತಿಂಗಳ ಗಾಳಿಗೆ ನಾರಿನ ಪುಡಿ ಹಾರಿಹೋಗುವುದಿಲ್ಲ. ಇದನ್ನು 8 ಸೆಂಟಿಮೀಟರಿನ ಒಳಗೇ ಎಣಿಸಿ, ಮೇಲೆ ಸೇರಿಸಬೇಡಿ.

ಗಿಡಗಳು

ಯುರೋಪಿನ ಹಸಿರು ತಾರಸಿಗಳ ಚಿತ್ರಗಳಲ್ಲಿ ಕಾಣುವುದು ಹೆಚ್ಚಾಗಿ ಸೀಡಂ ಜಾತಿಯ ಗಿಡಗಳು. ಚಳಿ ದೇಶದ ಆ ತಳಿಗಳು ನಮ್ಮ ಮಳೆಗಾಲದ ಬೆಚ್ಚನೆಯ ತೇವಕ್ಕೆ ಸುಲಭವಾಗಿ ಕೊಳೆಯುತ್ತವೆ. ಅದೇ ಕೆಲಸವನ್ನು ಇಲ್ಲಿ ಟೇಬಲ್ ರೋಸ್ ಮತ್ತು ಅದರ ಬಂಧುವಾದ ಗೋಣಿ ಸೊಪ್ಪು ಸಲೀಸಾಗಿ ಮಾಡುತ್ತವೆ. ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತವೆ, ಬಿಸಿಲನ್ನು ಬಯಸುತ್ತವೆ, ಬೇಸಿಗೆಯಲ್ಲಿ ಸತ್ತರೂ ಉದುರಿದ ಬೀಜದಿಂದ ಮರುಹುಟ್ಟುತ್ತವೆ. ಟೇಬಲ್ ರೋಸನ್ನು ಹಣ ಕೊಟ್ಟು ಕೊಳ್ಳಬೇಕಾಗಿಯೇ ಇಲ್ಲ. ಅಕ್ಕಪಕ್ಕದ ಮನೆಯವರಿಂದ ಒಂದು ಹಿಡಿ ಕಡ್ಡಿ ಕೇಳಿ ತಂದು, ಬೆರಳುದ್ದ ಮುರಿದು, ಒಂದು ಗೇಣಿಗೊಂದರಂತೆ ಚುಚ್ಚಿದರೆ ಮಳೆಗಾಲ ಮುಗಿಯುವುದರೊಳಗೆ ನೆಲ ಕಾಣದಂತೆ ಹಬ್ಬುತ್ತದೆ. ನಡುನಡುವೆ ದೊಡ್ಡಪತ್ರೆ, ಮಂಗರವಳ್ಳಿ, ಲೋಳೆಸರ, ನಿತ್ಯಪುಷ್ಪ ಸೇರಿಸಿದರೆ ಒಂದಕ್ಕೆ ರೋಗ ಬಂದಾಗ ಪಟ್ಟಿಯೇ ಬೋಳಾಗುವುದಿಲ್ಲ. ದೊಡ್ಡಪತ್ರೆ ತಂಬುಳಿಗೆ ಬರುತ್ತದೆ ಎಂಬುದು ಮೇಲಿನ ಲಾಭ. ಕಾಡುಬಸಳೆ ಬಿದ್ದ ಎಲೆಯಿಂದಲೇ ಹುಟ್ಟಿ ಎಲ್ಲವನ್ನೂ ಮುಚ್ಚಿಬಿಡುವುದರಿಂದ ಒಂದು ಮೂಲೆಗೆ ಸೀಮಿತವಾಗಿರಲಿ.

ಹುಲ್ಲುಹಾಸಿನ ಆಸೆ ಹಲವರಿಗಿದೆ. ಅದಕ್ಕೆ ಬೇಕಾಗುವ ನೀರು, ಕತ್ತರಿಸುವ ಶ್ರಮ ನೋಡಿದರೆ ತಾರಸಿಗೆ ಅದು ತಕ್ಕದ್ದಲ್ಲ. ಗರಿಕೆಯಂತೂ ತನ್ನ ಚೂಪು ಬುಡದಿಂದ ಹಾಳೆಯ ಜೋಡಣೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಗಣಪತಿಗೆ ಬೇಕಾದ ಗರಿಕೆ ಕುಂಡದಲ್ಲೇ ಇರಲಿ. ಬಿದಿರು, ನುಗ್ಗೆ, ಬಾಳೆ, ಪಪ್ಪಾಯ, ಬೇರಿನಿಂದ ಮರಿಯೊಡೆಯುವ ಕರಿಬೇವು ಯಾವುದೂ ಬೇಡ. ದಸರೆಯ ಫಲಪುಷ್ಪ ಪ್ರದರ್ಶನದಲ್ಲಿ ಅರಳಿ ನಿಂತ ಗಿಡಗಳನ್ನು ಕಂಡು ಮರುಳಾಗಿ ತಂದವು ಎಂಟು ಸೆಂಟಿಮೀಟರ್ ಮಣ್ಣಿನಲ್ಲಿ ಹದಿನೈದು ದಿನ ಉಳಿದರೆ ಹೆಚ್ಚು. ಕೊತ್ತಂಬರಿ, ಮೆಂತ್ಯ, ದಂಟು ಬೆಳೆಯಲೇಬೇಕೆಂದರೆ 12ರಿಂದ 15 ಸೆಂ.ಮೀ. ಮಣ್ಣು ಬೇಕು, ಅದರ ಭಾರ ಚದರ ಮೀಟರಿಗೆ 150 ಕಿಲೊ ದಾಟುವುದರಿಂದ ಅವನ್ನು ಗೋಡೆಯ ನೇರದ ತಟ್ಟೆಗಳಿಗೆ ಮಾತ್ರ ಬಿಡಬೇಕು. ಮೈಸೂರು ಮಲ್ಲಿಗೆಗೂ ಅದೇ ಜಾಗ, ದೊಡ್ಡ ಕುಂಡದಲ್ಲಿ.

ನೀರು ಮತ್ತು ನಿಗಾ

ಕಡ್ಡಿ ಬೇರು ಹಿಡಿಯುವ ಮೊದಲ ತಿಂಗಳು ಮಳೆ ಕೈಕೊಟ್ಟ ದಿನ ನೀರು ಹನಿಸಬೇಕು. ಮುಂದೆ ಜನವರಿಯವರೆಗೆ ಹೆಚ್ಚಿನ ಕೆಲಸವಿಲ್ಲ. ಫೆಬ್ರವರಿಯಿಂದ ಮೇವರೆಗೆ ದಿನ ಬಿಟ್ಟು ದಿನ ಚದರ ಮೀಟರಿಗೆ ಮೂರು ಲೀಟರ್, ಅಂದರೆ ಆ ಹತ್ತಡಿ ಪಟ್ಟಿಗೆ ಎರಡು ಕೊಡ ನೀರು ಸಾಕು. ಸಂಜೆ ಕೊಟ್ಟರೆ ಆವಿಯಾಗುವುದು ಕಡಿಮೆ. ಅಕ್ಕಿ, ತರಕಾರಿ ತೊಳೆದ ನೀರು ಆಗಬಹುದು. ಶುದ್ಧೀಕರಣ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು, ಅದನ್ನೇ ದಿನವೂ ಸುರಿದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಹನಿ ನೀರಾವರಿ ಪೈಪು ಹಾಕಿದರೆ ಅನುಕೂಲ. ಚಾಮುಂಡಿ ಬೆಟ್ಟದ ತಪ್ಪಲಿನ ಬಡಾವಣೆಗಳವರು ಮಾತ್ರ ಮೊದಲು ಮಂಗಗಳನ್ನು ನೆನೆಯಬೇಕು. ನೀರಿನ ಪೈಪು ಕಚ್ಚಿ ನೋಡುವುದು ಅವಕ್ಕೆ ಆಟ.

ಹಸಿರು ತಾರಸಿಯಿಂದ ಇಳಿಯುವ ಮಳೆನೀರು ಮೊದಲೆರಡು ವರ್ಷ ಚಹಾ ಬಣ್ಣಕ್ಕೆ ಬರುತ್ತದೆ. ಅದನ್ನು ಕುಡಿಯುವ, ಅಡುಗೆಯ ಸಂಪಿಗೆ ಬಿಡದೆ ಇಂಗುಗುಂಡಿಗೋ ಕೆಳಗಿನ ತೋಟಕ್ಕೋ ತಿರುಗಿಸಿ. ಪೈಪಿನ ಬಾಯಿಯ ಮೇಲಿಟ್ಟ ಮುಚ್ಚಳದ ಒಳಗೆ ನೀರು ವಾರಗಟ್ಟಲೆ ನಿಂತರೆ ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು. ಮಳೆ ನಿಂತ ಮಾರನೆಯ ದಿನ ಒಮ್ಮೆ ತೆರೆದು ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು.

ಕಳೆಗಳಲ್ಲಿ ಕಾಂಗ್ರೆಸ್ ಹುಲ್ಲನ್ನು ಹೂ ಬಿಡುವ ಮೊದಲೇ ಕೀಳಬೇಕು. ಅದಕ್ಕಿಂತ ಮುಖ್ಯವಾದದ್ದು ಅರಳಿ, ಆಲ, ಅತ್ತಿಯ ಸಸಿ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಬೀಜ ಮಳೆಗಾಲದ ಕೊನೆಯಲ್ಲಿ ಎರಡೆಲೆಯಾಗಿ ಕಾಣಿಸಿಕೊಳ್ಳುತ್ತದೆ, ಆಗ ಎರಡು ಬೆರಳಿನಲ್ಲಿ ಬರುತ್ತದೆ. ಬಿಟ್ಟರೆ ಮರುವರ್ಷದ ಹೊತ್ತಿಗೆ ಬೇರು ಪ್ಯಾರಪೆಟ್ಟಿನ ಬಿರುಕಿನೊಳಗೆ ಇಳಿದಿರುತ್ತದೆ. ಅರಳಿಯನ್ನು ಕೀಳಲು ಮನಸ್ಸು ಒಪ್ಪದವರು ಸಸಿಯನ್ನು ಬೇರುಸಹಿತ ತೆಗೆದು ಬಯಲಿನಲ್ಲಿ ನೆಡಬಹುದು. ಗೊಬ್ಬರ ವರ್ಷಕ್ಕೆ ಒಮ್ಮೆ, ಮುಂಗಾರಿನ ಆರಂಭದಲ್ಲಿ, ಚದರ ಮೀಟರಿಗೆ ಎರಡು ಹಿಡಿ ಎರೆಗೊಬ್ಬರ, ಅರ್ಧ ಹಿಡಿ ಬೇವಿನ ಹಿಂಡಿ.

ವರ್ಷದಲ್ಲಿ ಎರಡು ಸಲ, ಭರಣಿ ಮಳೆಗೆ ಮುಂಚೆ ಮತ್ತು ಹಸ್ತ, ಚಿತ್ತೆಗಳಿಗೆ ಮುಂಚೆ, ಪೈಪುಗಳ ಬಾಯಿ ತೆಗೆದು ಒಂದು ಬಕೆಟ್ ನೀರು ಸುರಿದು ಸರಾಗ ಹೋಗುತ್ತದೆಯೇ ನೋಡಬೇಕು. ಜೊತೆಗೆ ಕೆಳಗಿನ ಚಾವಣಿಯ ಒಂದೇ ಜಾಗದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟರೆ ಹೊಸ ಬಿರುಕು, ಹೊಸ ಕಲೆ ಗೊತ್ತಾಗುತ್ತದೆ. ಕಲೆ ಕಂಡರೆ ಮೊದಲು ಪೈಪಿನ ಬಾಯಿ, ಆಮೇಲೆ ಅಂಚಿನ ಜಲ್ಲಿಯ ಕೆಳಗಿನ ಮೂಲೆ, ಕೊನೆಗೆ ಪಟ್ಟಿಯ ನಡುಭಾಗ, ಈ ಕ್ರಮದಲ್ಲಿ ಬಿಚ್ಚಿ ನೋಡುವುದು ಸರಿ.

ಪಟ್ಟಿಯನ್ನು ದೊಡ್ಡದು ಮಾಡುವ ಆಲೋಚನೆಯನ್ನು ಭರಣಿಯಿಂದ ಚಿತ್ತೆಯವರೆಗಿನ ಒಂದು ಪೂರ್ತಿ ಮಳೆಗಾಲ ಚಾವಣಿ ಒಣಗಿದ್ದರೆ ಮಾತ್ರ ಮಾಡಬೇಕು. ಆಗಲೂ ಹಳೆಯ ಲೆಕ್ಕದ ಚೀಟಿ ಸಾಲದು. ಪಕ್ಕದ ಹತ್ತಡಿಗೆ ಮಣ್ಣು ಬಿದ್ದರೆ ನಡುವಿನ ಬೀಮಿನ ಮೇಲೆ ಎರಡೂ ಪಟ್ಟಿಗಳ ಭಾರ ಕೂಡುತ್ತದೆ, ಆದ್ದರಿಂದ ಇಂಜಿನಿಯರನ್ನು ಎರಡನೆಯ ಬಾರಿ ಕರೆಸಿಯೇ ಹೊಸ ಹಾಳೆಗೆ ಅಳತೆ ತೆಗೆಯಬೇಕು.